ಒಲೆ ಮೇಸ್ತ್ರಿ ತಿನ್ನದ ಗೋಧಿ

೧೯೯೮ರ ನವೆಂಬರ್ ಐದನೇ ತಾರೀಖು, ಗುರುವಾರ, ಬೆಳಗಿನ ಏಳು ಗಂಟೆ ಹತ್ತು ನಿಮಿಷಕ್ಕೆ ಗಾವ್ರಿಲ್ ಹೊದಿಶಾನ್ ತನ್ನ ತಂಗಿಯ ಮನೆಯ ಗೇಟಿನ ಹೊರಗೆ ನಿಂತು ಕರಣೆಯ ಅಂಚಿನಿಂದ ಬೂಟಿನ ಕೆಸರು ಕೆರೆಯುತ್ತಿದ್ದ. ಎಡಗಾಲಿನದು ಮುಗಿಸಿ ಬಲಗಾಲಿಗೆ ಬಂದ. ಬಲಗಾಲಿನದು ಮುಗಿಸಿ ಮತ್ತೆ ಎಡಗಾಲಿಗೆ ಹೋದ. ಅಲ್ಲಿ ಕೆರೆಯುವುದಕ್ಕೆ ಏನೂ ಉಳಿದಿರಲಿಲ್ಲ. ನಾನು ಪಕ್ಕದ ಮನೆಯವಳು. ಎಂಟು ಗಂಟೆಗೆ ಶಾಲೆ, ರಸಾಯನಶಾಸ್ತ್ರದ ಪಾಠ. ಅದಕ್ಕೆ ಮೊದಲು ಎರಡು ಬಕೆಟ್ ನೀರು ಸೇದಬೇಕು. ಹೀಗಾಗಿ ಬೆಳಗಿನ ಹೊತ್ತು ನಾನು ಗಡಿಯಾರ ನೋಡುತ್ತಲೇ ಇರುತ್ತಿದ್ದೆ. ಆರು ನಿಮಿಷ ಅವನು ಗೇಟು ತಟ್ಟಲಿಲ್ಲ.

ಕೊನೆಗೆ ಬಾಗಿಲು ತೆರೆದವಳು ಸಾವೆತಾ. ಕಂಕುಳಲ್ಲಿ ಬೆಕ್ಕು.

“ಮಿತ್ಸಾ, ಮೇಸ್ತ್ರಿ ಬಂದಿದಾರೆ ನೋಡು” ಎಂದು ಬೆಕ್ಕಿಗೆ ಹೇಳಿದಳು. “ಗೇಟಿಗೆ ಚಿಲಕ ಹಾಕಿಲ್ಲ ಅಂತ ಹೇಳು. ಬೂಟು ಸವೆದು ಹೋಗೋ ತನಕ ಅಲ್ಲೇ ನಿಂತಿರಬೇಕಾಗಿಲ್ಲ ಅಂತಾನೂ ಹೇಳು.”

“ದೇವರು ಒಳ್ಳೇದು ಮಾಡ್ಲಿ, ಮಿತ್ಸಾ” ಎಂದು ಗಾವ್ರಿಲ್ ಬೆಕ್ಕಿಗೇ ಉತ್ತರ ಕೊಟ್ಟು, ಟೋಪಿ ತೆಗೆದು, ಬಕೆಟ್ ಎತ್ತಿಕೊಂಡು ಒಳಗೆ ಹೋದ.

ಅಣ್ಣ ತಂಗಿ ಮಾತು ಬಿಟ್ಟು ಆಗಲೇ ಹನ್ನೆರಡು ವರ್ಷ ದಾಟಿತ್ತು. ಅವನನ್ನು ಕರೆಸಿದ್ದು ಅವಳಲ್ಲ, ಅವಳ ಒಲೆ. ಅಕ್ಟೋಬರಿನಿಂದ ಅದು ಹೊಗೆಯನ್ನು ಚಿಮಣಿಗೆ ಬಿಡದೆ ಕೋಣೆಗೆ ಬಿಡುತ್ತಿತ್ತು. ಬೆಯೂಷ್ ಪೇಟೆಯ ಮೇಸ್ತ್ರಿ ಕಾಲು ಮುರಿದುಕೊಂಡು ಮಲಗಿದ್ದ, ವಸಂತದ ತನಕ ಕಾಯಿರಿ ಅಂದಿದ್ದ. ವಿಧವೆ ಹೆಂಗಸು, ಕಿಟಕಿ ತೆರೆದಿಟ್ಟು ಎರಡು ಕಂಬಳಿ ಹೊದ್ದು ಮಲಗುತ್ತಿದ್ದಳು. ಒಂದು ದಿನ ಬೇಲಿಯ ಹತ್ತಿರ ಬಂದು, “ಟೀಚರಮ್ಮ, ನೀವಾಗಿ ನೀವೇ ಹೇಳಿದ ಹಾಗೆ ಆ ಮನುಷ್ಯನಿಗೆ ಒಂದು ಮಾತು ಹೇಳಿ” ಎಂದಳು. ನಾನು ಹೋಗಿ ಹೇಳಿದೆ.

“ಅವಳು ಹೇಳಿ ಕಳಿಸಿದ್ಲಾ?” ಎಂದು ಗಾವ್ರಿಲ್ ಕೇಳಿದ.

“ಇಲ್ಲ, ನಾನಾಗಿ ಹೇಳ್ತಿದೀನಿ.”

“ನಿಮಗೆ ಸುಳ್ಳು ಹೇಳೋಕೆ ಬರಲ್ಲ ಟೀಚರಮ್ಮ. ಕಿವಿ ಕೆಂಪಾಗುತ್ತೆ. ಗುರುವಾರ ಬರ್ತೀನಿ. ನೀವಾಗೇ ಹೇಳಿದ್ರಿ ಅಂತಾನೇ ಬರ್ತೀನಿ.”

ನಮ್ಮ ಕಣಿವೆಯಲ್ಲಿ ಗಾವ್ರಿಲ್ ಕಟ್ಟಿದ ಒಲೆ ಇಲ್ಲದ ಊರಿಲ್ಲ. ಗೋಡೆಯಷ್ಟು ಎತ್ತರದ, ಸುಟ್ಟ ಮಣ್ಣಿನ ಕಂದು ಬಿಲ್ಲೆಗಳ ಒಲೆಗಳು. ಬೆಳಿಗ್ಗೆ ನಾಲ್ಕು ಸೀಳು ಬೀಚ್ ಮರದ ಸೌದೆ ಹಾಕಿದರೆ ಸಂಜೆಯ ತನಕ ಬೆನ್ನು ಆನಿಸಿ ಕೂರಬಹುದು. ಒಂದು ಒಲೆಗೆ ಮೂರು ದಿನ. ಅವನು ಬ್ಯಾಪ್ಟಿಸ್ಟ್ ಸಭೆಯವನು. ಊರಿನವರು ಆ ಸಭೆಯವರನ್ನು ‘ಪಶ್ಚಾತ್ತಾಪದವರು’ ಎಂದು ಕರೆಯುತ್ತಿದ್ದರು, ಹೇಳುವಾಗ ತುಟಿ ಸ್ವಲ್ಪ ಓರೆ ಮಾಡುತ್ತಿದ್ದರು. ಸಭೆ ಅವನನ್ನು ಎಲ್ಲಿಗೂ ಕಳಿಸಿರಲಿಲ್ಲ, ಸಂಬಳ ಕೊಡುತ್ತಿರಲಿಲ್ಲ. ಆದರೂ ಅವನು ಮಿಷನರಿಯೇ. ಅವನ ಕ್ಷೇತ್ರ ಇತರರ ಅಡುಗೆಕೋಣೆ. ಅದಕ್ಕೆ ಒಂದು ಕ್ರಮವಿತ್ತು. ಮೊದಲ ದಿನ ಹಳೆಯ ಒಲೆ ಕಳಚುವುದು, ಮಸಿ, ದೂಳು. ಆ ದಿನ ದೇವರ ವಿಷಯ ಒಂದಕ್ಷರ ಆಡುತ್ತಿರಲಿಲ್ಲ. ಎರಡನೇ ದಿನ ಮಧ್ಯಾಹ್ನ ಮಣ್ಣು ಬಿಗಿಯಲು ಎರಡು ಗಂಟೆ ಬಿಡಬೇಕು. ಆಗ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು, ಇಪ್ಪತ್ತನಾಲ್ಕನೇ ವಯಸ್ಸಿನವರೆಗೆ ತಾನು ಹೇಗೆ ಕುಡಿದು ಬೀಳುತ್ತಿದ್ದೆ, ಆಮೇಲೆ ಏನಾಯಿತು ಎಂದು ಮನೆಯವರಿಗೆ ಹೇಳುತ್ತಿದ್ದ. ಮೂರನೇ ದಿನ ಮೊದಲ ಬೆಂಕಿ. ಒಲೆಯ ಬಾಗಿಲು ತೆರೆದಿಟ್ಟು, ಟೋಪಿ ತೆಗೆದು, ಆ ಮನೆಯವರ ಹೆಸರು ಒಂದೊಂದಾಗಿ ಹೇಳಿ ಪ್ರಾರ್ಥಿಸುತ್ತಿದ್ದ. ನಮ್ಮ ಮನೆಯ ಒಲೆ ಹಚ್ಚಿದಾಗ ನಾನು ಗಡಿಯಾರ ನೋಡಿದ್ದೆ: ನಲವತ್ತು ಸೆಕೆಂಡು. ಚಳಿಯಲ್ಲಿ ಮೂರು ದಿನ ಕಾದವರು ನಲವತ್ತು ಸೆಕೆಂಡು ಬೇಡ ಅನ್ನುವುದಿಲ್ಲ.

ಕೆಲಸ ಮುಗಿದಾಗ ಮೇಸ್ತ್ರಿಗೆ ಪ್ಲಮ್ ಹಣ್ಣಿನ ಸಾರಾಯಿ ಕೊಡುವುದು ಪದ್ಧತಿ. ಅವನು ಮುಟ್ಟುತ್ತಿರಲಿಲ್ಲ. “ಕುಡಿಯದ ಮೇಸ್ತ್ರಿಯ ಒಲೆ ನೆಟ್ಟಗೆ ನಿಲ್ಲುತ್ತಪ್ಪ, ಮೇಸ್ತ್ರಿ ಮಾತ್ರ ಸಪ್ಪೆ” ಎಂದು ಗಂಡಸರು ಕಿಚಾಯಿಸುತ್ತಿದ್ದರು. ಹಳೆಯ ಕಮ್ಯುನಿಸ್ಟ್ ಸರ್ಕಾರದ ಕಾಲದಲ್ಲಿ ಪೊಲೀಸ್ ಠಾಣೆಯ ಮುಖ್ಯಸ್ಥ ಅವನನ್ನು ಕರೆಸಿ, “ಹೊದಿಶಾನ್, ನನ್ನ ಮನೇಲಿ ಬಾಯಿ ಮುಚ್ಕೊಂಡು ಕಟ್ಟು” ಅಂದನಂತೆ. ಗಾವ್ರಿಲ್ ಮೂರು ದಿನ ತುಟಿ ಬಿಚ್ಚದೆ ಕಟ್ಟಿದ. ಕೀರ್ತನೆಯೊಂದರ ಧಾಟಿಯನ್ನು ಮೂಗಿನಲ್ಲಿ ಗುನುಗುತ್ತಿದ್ದ, ಅಷ್ಟೇ. ಕ್ರಿಸ್ಮಸ್ ಹೊತ್ತಿಗೆ ಠಾಣೆಯ ಮುಖ್ಯಸ್ಥನ ಹೆಂಡತಿ ಬಟ್ಟೆ ಒಣಹಾಕುವಾಗ ಅದೇ ಧಾಟಿ ಹಾಡಿಕೊಳ್ಳುತ್ತಿದ್ದಳು. ಅದು ಏನೆಂದು ಅವಳಿಗೂ ಗೊತ್ತಿರಲಿಲ್ಲ, ಗಂಡನಿಗೂ ಗೊತ್ತಿರಲಿಲ್ಲ, ಬೀದಿಗೆಲ್ಲ ಗೊತ್ತಿತ್ತು.

ಬರೀ ಬಾಯಿಯ ಮನುಷ್ಯನೂ ಅಲ್ಲ. ಗಿರಣಿಯ ಹತ್ತಿರ ಹಾಸಿಗೆ ಹಿಡಿದ ಒಬ್ಬ ಮುದುಕನಿದ್ದ. ಒಂಬತ್ತು ವರ್ಷ ಪ್ರತಿ ಶನಿವಾರ ಗಾವ್ರಿಲ್ ಹೋಗಿ ಅವನ ಗಡ್ಡ ಹೆರೆಯುತ್ತಿದ್ದ. ಮುದುಕ ಒಂಬತ್ತು ವರ್ಷವೂ ಪಶ್ಚಾತ್ತಾಪದವರನ್ನು ಬೈಯುತ್ತಲೇ ಹೆರೆಸಿಕೊಂಡ. “ಬೈಯುವಾಗ ಕೆನ್ನೆ ಅಲ್ಲಾಡುತ್ತೆ, ಅದೊಂದೇ ಕಷ್ಟ” ಎಂದು ಗಾವ್ರಿಲ್ ಹೇಳುತ್ತಿದ್ದ.

ಅಷ್ಟು ತಾಳ್ಮೆಯವನು ಸ್ವಂತ ತಂಗಿಯನ್ನು ಕಳೆದುಕೊಂಡದ್ದು ಒಂದು ಬಟ್ಟಲು ಗೋಧಿಗಾಗಿ.

ನಮ್ಮಲ್ಲಿ ಯಾರಾದರೂ ಸತ್ತರೆ ಮನೆಯ ಹೆಂಗಸರು ಗೋಧಿ ಬೇಯಿಸುತ್ತಾರೆ. ಸಕ್ಕರೆ, ಅರೆದ ಅಕ್ರೋಟ ಸೇರಿಸಿ, ಮೇಲೆ ಶಿಲುಬೆಯ ಗುರುತು ಮಾಡಿ, ಪಾದ್ರಿಯ ಮಂತ್ರವಾದ ಮೇಲೆ ಗುಂಡಿಯ ಪಕ್ಕದಲ್ಲೇ ಎಲ್ಲರಿಗೂ ಹಂಚುತ್ತಾರೆ. ತೆಗೆದುಕೊಂಡವರು ಸತ್ತವರ ಹೆಸರು ಹೇಳಿ ‘ದೇವರು ಕ್ಷಮಿಸಲಿ’ ಎಂದು ತಿನ್ನುತ್ತಾರೆ. ಪಶ್ಚಾತ್ತಾಪದವರು ಅದನ್ನು ತಿನ್ನುವುದಿಲ್ಲ. ಸತ್ತವರ ಲೆಕ್ಕ ಸತ್ತ ದಿನವೇ ಮುಗಿಯಿತು, ಗೋಧಿಯಿಂದ ಏನೂ ಬದಲಾಗದು ಎನ್ನುವುದು ಅವರ ನಂಬಿಕೆ. ಆ ಸಭೆಯಲ್ಲಿ ಇದು ಸಣ್ಣ ಸಂಗತಿಯಾಗಿರಲಿಲ್ಲ. ೧೯೮೫ರ ಅಕ್ಟೋಬರಿನಲ್ಲಿ ವಾಲೇರಿಯಾ ಎಂಬ ಹೆಂಗಸು, ಹೊಸದಾಗಿ ಸಭೆಗೆ ಸೇರಿದವಳು, ತನ್ನನ್ನು ಸಾಕಿದ ದೊಡ್ಡಮ್ಮನ ಮಣ್ಣಿಗೆ ಹೋಗಿ ಗೋಧಿ ತಿಂದುಬಿಟ್ಟಳು. ಆರು ತಿಂಗಳು ಅವಳಿಗೆ, ಸಭೆಯವರೆಲ್ಲ ಹಂಚಿ ತಿನ್ನುವ ಕರ್ತನ ಭೋಜನದ ರೊಟ್ಟಿ ಇಲ್ಲ ಎಂದು ಸಭೆ ತೀರ್ಮಾನಿಸಿತು. ತೀರ್ಮಾನವನ್ನು ಎದ್ದು ನಿಂತು ಓದಿದವನು, ಆಗ ಸಭೆಯ ಸೇವಕ ಎಂಬ ಹುದ್ದೆಯಲ್ಲಿದ್ದ ಗಾವ್ರಿಲ್.

ಅದಾಗಿ ಐದನೇ ತಿಂಗಳಿಗೆ, ಫೆಬ್ರವರಿ ಹದಿನಾರರಂದು, ಅವನ ತಾಯಿ ರವೇಕಾ ತೀರಿಕೊಂಡಳು.

ತಾಯಿ ಊರಿನ ಹಳೆಯ ಆರ್ಥೊಡಾಕ್ಸ್ ಚರ್ಚಿನವಳು, ಸಾವೆತಾ ಕೂಡ. ಆದರೆ ಆ ಚಳಿಗಾಲ ತಾಯಿ ಮಲಗಿದ್ದಾಗ ಗಾವ್ರಿಲ್ ದಿನವೂ ಬಂದು ಹಾಸಿಗೆಯ ಪಕ್ಕ ಕೂತು ಬೈಬಲಿನ ವಾಕ್ಯ ಓದುತ್ತಿದ್ದ. ಸಾವೆತಾ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ಮೂರು ಭಾನುವಾರ ಅವನ ಸಭೆಗೂ ಹೋದಳು. ಕೊನೆಯ ಬೆಂಚಿನಲ್ಲಿ, ಅವನೇ ಕಟ್ಟಿದ ಒಲೆಯ ಪಕ್ಕ ಕೂತಳು. “ಚಳಿಗೆ ಹೋಗ್ತೀನಿ, ಟೀಚರಮ್ಮ, ಏನೇನೋ ಅಂದ್ಕೋಬೇಡಿ” ಎಂದು ನನಗೆ ಹೇಳಿದಳು. ಚಳಿ ಅವಳ ಮನೆಯಲ್ಲಿ ಇರಲಿಲ್ಲ. ಗಾವ್ರಿಲ್ ಅವಳಿಗಾಗಿ ಹತ್ತೊಂಬತ್ತು ವರ್ಷ ಪ್ರಾರ್ಥಿಸಿದ್ದ. ಆ ಮೂರು ಭಾನುವಾರ ಅವನ ಮುಖ ನೋಡಬೇಕಿತ್ತು.

ಆ ವರ್ಷ ಸಕ್ಕರೆ ಪಡಿತರದಲ್ಲಿ, ತಲೆಗೆ ತಿಂಗಳಿಗೆ ಒಂದು ಕಿಲೋ ಸಿಕ್ಕರೆ ಹೆಚ್ಚು. ರವೇಕಾ ಮೂರು ತಿಂಗಳಿಂದ ತನ್ನ ಪಾಲನ್ನು ಮುಟ್ಟದೆ ಮಗಳ ಕೈಲಿ ಡಬ್ಬಿಗೆ ಹಾಕಿಸಿದ್ದಳು. “ಚಹಾ ಸಪ್ಪೆ ಇದ್ರೂ ಪರವಾಗಿಲ್ಲ, ನನ್ನ ಗೋಧಿ ಸಪ್ಪೆ ಆಗಬಾರದು. ಊರವರು ಇಪ್ಪತ್ತು ವರ್ಷ ಆಡಿಕೊಳ್ತಾರೆ” ಎಂದು ನಕ್ಕಿದ್ದನ್ನು ನಾನೇ ಕೇಳಿದ್ದೇನೆ.

ಮಂಗಳವಾರ ಮಣ್ಣು. ನೆಲ ಹೆಪ್ಪುಗಟ್ಟಿತ್ತು, ಗುಂಡಿ ತೋಡಲು ಮೊದಲು ಅಲ್ಲಿ ಬೆಂಕಿ ಹಾಕಿ ಮಣ್ಣು ಕರಗಿಸಿದ್ದರು. ಗಾವ್ರಿಲ್ ಪೆಟ್ಟಿಗೆಗೆ ಹೆಗಲು ಕೊಟ್ಟ, ಹಗ್ಗ ಹಿಡಿದು ಇಳಿಸಿದ. ಪಾದ್ರಿ ಮಂತ್ರ ಹೇಳುವಾಗ ಮೂರು ಹೆಜ್ಜೆ ಹಿಂದೆ ಸರಿದು ತಲೆ ತಗ್ಗಿಸಿ ನಿಂತ. ಇಷ್ಟನ್ನು ಊರು ಒಪ್ಪಿಕೊಂಡಿತ್ತು. ಸ್ಮಶಾನದ ಬೇಲಿಯ ಬಳಿ ಅವನ ಸಭೆಯ ಏಳೆಂಟು ಜನ ನಿಂತಿದ್ದರು, ಅವರಲ್ಲಿ ವಾಲೇರಿಯಾ.

ಸಾವೆತಾ ತಟ್ಟೆ ಹಿಡಿದು ಎಲ್ಲರಿಗಿಂತ ಮೊದಲು ಅವನ ಹತ್ತಿರ ಬಂದಳು. ಒಂದು ಚಿಕ್ಕ ಬಟ್ಟಲು ಎತ್ತಿ ಮುಂದೆ ಹಿಡಿದಳು.

“ತಗೋ ಅಣ್ಣ. ಅಮ್ಮನ ಗೋಧಿ.”

ಗಾವ್ರಿಲ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. “ನನಗಾಗಲ್ಲ ಸಾವೆತಾ. ನಿನಗೆ ಗೊತ್ತಲ್ಲ.”

ಅವಳು ಹಾಗೇ ಹಿಡಿದು ನಿಂತಳು. ಹದಿನೈದು ಸೆಕೆಂಡು ಇರಬಹುದು. ಅಂಥ ಹೊತ್ತಿನಲ್ಲಿ ನನ್ನ ಅಂದಾಜನ್ನು ನಾನೇ ನಂಬುವುದಿಲ್ಲ. ಅಲ್ಲಿಗೆ ನಿಂತಿದ್ದರೆ ಅದು ಹೇಗೋ ಸರಿಹೋಗುತ್ತಿತ್ತೇನೋ. ಆದರೆ ಗಾವ್ರಿಲ್ ಬೇಲಿಯ ಕಡೆ ನೋಡಿದ. ಆಮೇಲೆ ಅಲ್ಲಿಯವರಿಗೂ ಕೇಳುವ ಹಾಗೆ ದನಿ ಎತ್ತಿ ಹೇಳಿದ: “ಸತ್ತವರಿಗೆ ಗೋಧಿ ಬೇಡ. ಬದುಕಿರೋರಿಗೆ ವಾಕ್ಯ ಬೇಕು.”

“ಅಯ್ಯೋ ನಿನ್ನ! ಹೆತ್ತವಳ ಗುಂಡಿ ಮುಚ್ಚಿಲ್ಲ, ಆಗಲೇ ಉಪದೇಶ ಶುರು” ಎಂದು ಹಿಂದಿನಿಂದ ಯಾರೋ ಅಂದರು. ಒಂದಿಬ್ಬರು ನಕ್ಕರು ಕೂಡ.

ಸಾವೆತಾ ಬಟ್ಟಲನ್ನು ತಟ್ಟೆಗೆ ಮರಳಿಸಿ ನನ್ನ ಕಡೆ ತಿರುಗಿದಳು. ಗೋಧಿ ಸಪ್ಪೆಯಾಗಿರಲಿಲ್ಲ. ಅಂದಿನಿಂದ ಅವಳು ಅಣ್ಣನ ಜೊತೆ ಮಾತಾಡಲಿಲ್ಲ, ಸಭೆಯ ಕೊನೆಯ ಬೆಂಚಿಗೂ ಹೋಗಲಿಲ್ಲ. ಅವಳ ಗಂಡ ಸತ್ತಾಗ ಗಾವ್ರಿಲ್ ಬಂದು ಗೇಟಿನ ಹೊರಗೆ ನಿಂತಿದ್ದು, ಹಾಗೇ ಹೋದ.

ಮೊದಲ ಎರಡು ಮೂರು ವರ್ಷ ಅವನು ತಾನು ಮಾಡಿದ್ದು ಸರಿ ಎಂದೇ ಹೇಳುತ್ತಿದ್ದ. ವಾಲೇರಿಯಾಳ ಕಣ್ಣೆದುರು ತಾನು ತಿಂದಿದ್ದರೆ ಅದು ಯಾವ ನ್ಯಾಯ ಎಂದು ಕೇಳುತ್ತಿದ್ದ. ಆಮೇಲೆ ಕೇಳುವುದನ್ನು ನಿಲ್ಲಿಸಿದ. ಒಂದು ದಿನ ವಾಲೇರಿಯಾಳ ಮನೆಗೆ ಹೋಗಿ, ಅವತ್ತು ನಿನಗೆ ಕೊಟ್ಟ ಶಿಕ್ಷೆ ಹೆಚ್ಚಾಯಿತು, ಕ್ಷಮಿಸು ಎಂದನಂತೆ. ಅವಳು ಹಿಟ್ಟು ನಾದುತ್ತಿದ್ದವಳು ತಲೆ ಎತ್ತದೆ, “ಬಿಡು ಸಹೋದರ. ಗೋಧಿ ತುಂಬ ಚೆನ್ನಾಗಿತ್ತು, ಅಕ್ರೋಟ ಧಾರಾಳ ಹಾಕಿದ್ರು. ಆರು ತಿಂಗಳಿಗೆ ಮೋಸ ಇಲ್ಲ” ಅಂದಳಂತೆ. ಅವನು ನಗಲಿಲ್ಲ. “ನಿನ್ನನ್ನ ಬೇಲಿ ಹತ್ರ ನೋಡಿ ನಾನು ಆ ಮಾತು ಆಡಿದೆ” ಅಂದ. “ನಾನೇನು ಆಡು ಅಂದಿದ್ನಾ?” ಎಂದಳು ವಾಲೇರಿಯಾ. ಆಗ ಅವಳೂ ನಗಲಿಲ್ಲ.

ಹೀಗೆ ೧೯೯೮ರ ಆ ಮೂರು ದಿನ.

ಗುರುವಾರ ಹಳೆಯ ಒಲೆ ಕಳಚಿದ. ಒಳಗಿನ ಹೊಗೆದಾರಿಯಲ್ಲಿ ಒಂದು ಇಟ್ಟಿಗೆ ಜಾರಿ ಅಡ್ಡ ಬಿದ್ದಿತ್ತು. ತೊಂಬತ್ತೆರಡು ಬಿಲ್ಲೆಗಳನ್ನು ಒಂದೊಂದಾಗಿ ಬಿಡಿಸಿ, ತೊಳೆದು, ಹುಲ್ಲಿನ ಮೇಲೆ ಸಾಲಾಗಿ ಜೋಡಿಸಿದ. ಶುಕ್ರವಾರ ಕಟ್ಟಲು ಶುರು. ಪ್ರತಿ ಸಾಲಿಗೂ ರಸಮಟ್ಟ ಇಟ್ಟು ನೋಡುತ್ತಿದ್ದ. ತಂಗಿಯ ಒಲೆಗೆ ಎರಡೆರಡು ಸಲ ಇಡುತ್ತಿದ್ದ. ಮಧ್ಯಾಹ್ನ ಮಣ್ಣು ಬಿಗಿಯುವ ಹೊತ್ತು ಬಂತು. ಬಕೆಟ್ ಬೋರಲು ಹಾಕಿ ಅಂಗಳದಲ್ಲಿ ಕೂತ. ಬೇರೆ ಮನೆಯಾಗಿದ್ದರೆ ಮಾತಿನ ಹೊತ್ತು. ಸಾವೆತಾ ಕಾಳಿನ ಸಾರು, ರೊಟ್ಟಿ ತಂದು ಬಾವಿಕಟ್ಟೆಯ ಮೇಲಿಟ್ಟಳು, ಮೇಜಿಗೆ ಕರೆಯಲಿಲ್ಲ.

“ಮಿತ್ಸಾ, ಇದು ಯಾರ ಹೆಸರಿಂದೂ ಅಲ್ಲ ಅಂತ ಮೇಸ್ತ್ರಿಗೆ ಹೇಳು. ಬರೀ ಸಾರು. ಧೈರ್ಯವಾಗಿ ತಿನ್ನಬಹುದು.”

ಗಾವ್ರಿಲ್ ಬೇಲಿಯಾಚೆ ಇದ್ದ ನನ್ನ ಕಡೆ ತಿರುಗಿ, “ಟೀಚರಮ್ಮ, ಉಪ್ಪು ಹದವಾಗಿದೆ ಅಂತ ಹೇಳಿ” ಅಂದ.

“ನನ್ನ ಉಪ್ಪಿನ ಹದ ನನಗೆ ಗೊತ್ತು ಅಂತ ಹೇಳಿ ಟೀಚರಮ್ಮ. ಐವತ್ತೊಂದು ವರ್ಷ ಆಯ್ತು.”

“ನಲವತ್ತೊಂದು. ಹತ್ತನೇ ವಯಸ್ಸಿನ ತನಕ ಅಮ್ಮ ಉಪ್ಪಿನ ಡಬ್ಬಿ ಮುಟ್ಟೋಕೆ ಬಿಡ್ತಿರಲಿಲ್ಲ ಅಂತ ಹೇಳಿ.”

ಸಾವೆತಾ ಒಳಗೆ ಹೋದಳು. ಅವಳ ಹೆಗಲು ಅಲ್ಲಾಡಿದ್ದು ನಗುವಿಗೋ ಏನಕ್ಕೋ ನನಗೆ ಹಿಂದಿನಿಂದ ತಿಳಿಯಲಿಲ್ಲ.

ಮರುದಿನ ನವೆಂಬರಿನ ಮೊದಲ ಶನಿವಾರ, ಹಳೆಯ ಚರ್ಚಿನವರು ತಮ್ಮ ಸತ್ತವರೆಲ್ಲರ ಹೆಸರಲ್ಲಿ ಗೋಧಿ ಹಂಚುವ ಶನಿವಾರ. ಶುಕ್ರವಾರ ನಾಲ್ಕು ಗಂಟೆಗೆ ಅವಳು ಹಿತ್ತಿಲಿನ ಬೇಸಿಗೆ ಅಡುಗೆಮನೆಯಲ್ಲಿ ಗೋಧಿ ಬೇಯಲು ಇಟ್ಟಳು. ಆ ವಾಸನೆ ಅಂಗಳಕ್ಕೆ ಬಂದಾಗ ಗಾವ್ರಿಲ್ ಕರಣೆ ಕೆಳಗಿಟ್ಟು ಬೇಲಿಗೆ ಬಂದ.

“ಟೀಚರಮ್ಮ, ನಾಳೆ ಅವಳು ಕೊಟ್ರೆ ನಾನು ತಿಂತೀನಿ.”

“ನಿಮ್ಮ ಸಭೆಯವರು?”

“ಸಭೆಗೆ ನಾನೇ ಹೋಗಿ ಹೇಳ್ತೀನಿ. ಏನು ಮಾಡ್ತಾರೋ ಮಾಡ್ಲಿ.” ಸ್ವಲ್ಪ ಹೊತ್ತು ಬೇಲಿಯ ಗೂಟದ ಮೇಲೆ ಒಣಗಿದ ಮಣ್ಣನ್ನು ಉಗುರಿನಿಂದ ಕೆರೆದ. “ಹನ್ನೆರಡು ವರ್ಷ ಎಂಟು ತಿಂಗಳು. ನನ್ನ ಮಾತಿಂದ ಎಷ್ಟೋ ಮನೆಯವರು ಬದಲಾದ್ರು, ಸರಿ. ಇವಳು ಬರ್ತಾ ಇದ್ದೋಳು. ನಾನೇ ಬಾಗಿಲು ಮುಚ್ಚಿದೆ. ಅವಳು ಸಭೆಗೆ ಬರೋದೂ ಬೇಡ ಈಗ. ಅವಳ ಮೇಜಿನ ಮುಂದೆ ಒಂದು ಸಲ ಕೂತ್ಕೊಂಡು ಎದ್ದು ಬರಬೇಕು. ಅಷ್ಟೇ ನನಗೆ ಬೇಕಾಗಿರೋದು.”

ಶನಿವಾರ ಹನ್ನೊಂದೂವರೆಗೆ ಸಾವೆತಾ ಚರ್ಚಿನಿಂದ ಬಂದಳು. ಬೀದಿಯುದ್ದಕ್ಕೂ ಗೋಧಿ ಹಂಚುತ್ತಾ ಬಂದಳು: ನನಗೆ, ಎದುರು ಮನೆಯವರಿಗೆ, ಸೌದೆ ಗಾಡಿಯವನಿಗೆ. ಗಾವ್ರಿಲ್ ಕಿಟಕಿಯಿಂದ ನೋಡಿರಬೇಕು. ಕೈ ತೊಳೆದು, ಟೋಪಿ ಕಳಚಿ, ಕಟ್ಟಿ ಮುಗಿದ ಒಲೆಯ ಪಕ್ಕ ನಿಂತಿದ್ದ. ಹೊಗೆದಾರಿ ಪರೀಕ್ಷೆ ಮಾಡುವಾಗ ಹೊರಗೆ ನಿಂತು ಚಿಮಣಿ ನೋಡಲು ಒಬ್ಬರು ಬೇಕೆಂದು ಅವನು ಬೆಳಿಗ್ಗೆಯೇ ನನಗೆ ಹೇಳಿದ್ದ. ಹಾಗಾಗಿ ನಾನೂ ಅವಳ ಹಿಂದೆ ಹೋದೆ.

ಅವಳು ಒಳಗೆ ಬಂದು, ಅವನನ್ನು ದಾಟಿ ಹೋಗಿ, ಉಳಿದ ಗೋಧಿಯ ಬೋಗುಣಿಯನ್ನು ಕಿಟಕಿಯ ಹಲಗೆಯ ಮೇಲಿಟ್ಟು ಬಟ್ಟೆ ಮುಚ್ಚಿದಳು.

“ಸಾವೆತಾ, ನನಗೂ ಕೊಡು” ಎಂದ ಗಾವ್ರಿಲ್.

ಅವಳು ಬೆಕ್ಕನ್ನು ಹುಡುಕಿದಳು. ಬೆಕ್ಕು ಇರಲಿಲ್ಲ. ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

“ನಿನಗೆ ಬೇಡ” ಎಂದಳು ಕೊನೆಗೆ, ನೇರವಾಗಿ ಅವನಿಗೇ.

“ತಿಂತೀನಿ. ನಿಜವಾಗ್ಲೂ ತಿಂತೀನಿ.”

“ತಿಂತೀಯ ಅಂತ ಗೊತ್ತು. ಮುಖ ನೋಡಿದ್ರೇ ಗೊತ್ತಾಗುತ್ತೆ.” ಅವಳು ಸ್ಟೂಲು ಎಳೆದು ಕೂತಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಒಂದು ವಿಷಯ ಯಾರಿಗೂ ಹೇಳಿಲ್ಲ ನಾನು. ಅಮ್ಮ ಸಾಯೋಕೆ ಎರಡು ದಿನ ಮುಂಚೆ ನನಗೆ ಹೇಳಿದ್ಲು: ಗಾವ್ರಿಲಿಗೆ ನನ್ನ ಗೋಧಿ ಕೊಡಬೇಡ ಕಣೇ, ಅವನಿಗೆ ಇಕ್ಕಟ್ಟಾಗುತ್ತೆ, ಅವನ ಜನದ ಮುಂದೆ ತಲೆ ತಗ್ಗಿಸೋ ಹಾಗೆ ಮಾಡಬೇಡ ಅಂತ. ಹೂಂ ಅಂದಿದ್ದೆ. ಆದ್ರೂ ಕೊಟ್ಟೆ. ಅಮ್ಮನಿಗಾಗಿ ಅಲ್ಲ. ನನಗೋಸ್ಕರ ನನ್ನಣ್ಣ ತಿಂತಾನೆ ಅಂದ್ಕೊಂಡೆ. ಎಲ್ಲರೆದುರಿಗೆ ನೋಡಬೇಕು ಅನ್ನಿಸ್ತು.”

ಗಾವ್ರಿಲ್ ಏನೋ ಹೇಳಲು ಹೋದ.

“ಇರು. ಸಾಯೋಳಿಗೆ ಕೊಟ್ಟ ಮಾತು ಒಂದು ಸಲ ಮೀರಿದೀನಿ. ಅದರ ಫಲ ಉಂಡೆ. ಎರಡನೇ ಸಲ ಮೀರಲ್ಲ. ನೀನು ಕೇಳಬೇಡ, ನಾನು ಕೊಡಲ್ಲ.”

ಅವನು ಒಲೆಯ ಮೇಲೆ ಕೈಯಿಟ್ಟು ನಿಂತ. ಒಲೆ ತಣ್ಣಗಿತ್ತು, ಮಣ್ಣು ಇನ್ನೂ ಹಸಿ.

“ಒಲೆ ಹಚ್ಚಿ ತೋರಿಸು” ಎಂದಳು ಅವಳು.

ಹಿಡಿ ಹುಲ್ಲು ಹಾಕಿ ಕಡ್ಡಿ ಗೀರಿದ. ಜ್ವಾಲೆ ಒಳಕ್ಕೆ ಬಾಗಿತು. ನಾನು ಹೊರಗೆ ಓಡಿ ನೋಡಿದೆ; ಚಿಮಣಿಯಿಂದ ಹೊಗೆ ನೆಟ್ಟಗೆ ಏಳುತ್ತಿತ್ತು. ಮತ್ತೆ ಒಳಗೆ ಬಂದಾಗ ಅವರ ಮಾತು ಹೀಗಿತ್ತು:

“ಎಳೀತಾ ಇದೆ.”

“ಎರಡು ವಾರ ಸಣ್ಣ ಬೆಂಕಿ ಮಾತ್ರ. ಜೋರು ಹಾಕಿದ್ರೆ ಬಿಲ್ಲೆ ಒಡೆಯುತ್ತೆ.”

“ಸರಿ.”

“ಬೂದಿ ದಿನಾ ತೆಗೀಬೇಕು.”

“ಗೊತ್ತು.”

ಅವನು ಟೋಪಿ ಹಾಕಿಕೊಂಡು, ಬಕೆಟ್ ಎತ್ತಿಕೊಂಡು ಹೊರಟುಹೋದ. ಮೊದಲ ಬೆಂಕಿಯ ಮುಂದೆ ಪ್ರಾರ್ಥಿಸಲಿಲ್ಲ. ಪ್ರಾರ್ಥಿಸಿದರೆ ಅವಳಿಗೆ ನೋವಾದೀತು, ಮತ್ತೆ ಉಪದೇಶ ಎಂದುಕೊಂಡಾಳು ಎಂದು ಹೆದರಿದೆ ಎಂಬುದಾಗಿ ಆಮೇಲೆ ನನಗೆ ಹೇಳಿದ.

ಅಂದಿನಿಂದ ಅವರಿಬ್ಬರೂ ಮಾತಾಡಿದರು, ಆದರೆ ಒಲೆಯ ವಿಷಯ ಮಾತ್ರ. ಪ್ರತಿ ಅಕ್ಟೋಬರಿನಲ್ಲಿ ಅವನು ಹೊಗೆದಾರಿ ಗುಡಿಸಲು ಬರುತ್ತಿದ್ದ. ಅವಳು ಸಾರು, ರೊಟ್ಟಿ ತಂದು ಬಾವಿಕಟ್ಟೆಯ ಮೇಲಿಡುತ್ತಿದ್ದಳು; ಅವನು ಅಲ್ಲೇ ಕೂತು ತಿಂದು, ಬಟ್ಟಲು ತೊಳೆದಿಟ್ಟು ಹೋಗುತ್ತಿದ್ದ. ಮೇಜಿಗೆ ಕೂತರೆ ಮತ್ತೆ ಗೋಧಿಯ ಮಾತು ಬಂದು ಅವನ ನಿಯಮಕ್ಕೆ ಧಕ್ಕೆಯಾದೀತು ಎಂದು ಅವಳು ಒಳಗೆ ಕರೆಯಲಿಲ್ಲ, ಅವಳು ತಾಯಿಗೆ ಕೊಟ್ಟ ಮಾತಿಗೆ ಧಕ್ಕೆ ಬಾರದಿರಲಿ ಎಂದು ಅವನು ಕೇಳಲಿಲ್ಲ. ಇಬ್ಬರೂ ಒಳ್ಳೆಯವರು. ನಾನು ಮಧ್ಯೆ ಹೋಗಿ ಇಬ್ಬರನ್ನೂ ಗದರಿ ಒಂದು ಮೇಜಿಗೆ ಕೂರಿಸಬಹುದಿತ್ತು. ಒಬ್ಬರ ನಂಬಿಕೆಯಲ್ಲಿ ಇನ್ನೊಬ್ಬರು ಕೈಹಾಕಬಾರದು ಎಂದುಕೊಂಡು ನಾನೂ ಸುಮ್ಮನಿದ್ದೆ. ಈಗ ಅದು ಸರಿಯಾದ ಲೆಕ್ಕ ಎನಿಸುವುದಿಲ್ಲ.

೨೦೦೨ರ ಅಕ್ಟೋಬರಿನಲ್ಲಿ ಅವನು ಗುಡಿಸಿ ಮುಗಿಸಿದಾಗ ಸಾವೆತಾ ಬಾಗಿಲಲ್ಲಿ ನಿಂತು ಕೇಳಿದಳು: “ಒಲೆ ಹಚ್ಚಿದಾಗ ನೀನು ಏನೋ ಹೇಳ್ತೀಯಂತಲ್ಲ. ಮನೆಯವರ ಹೆಸರು ಹಿಡಿದು. ಊರೆಲ್ಲ ಹೇಳುತ್ತೆ. ನನ್ನ ಒಲೆಗೆ ಹೇಳಲೇ ಇಲ್ಲ ನೀನು.”

ಗಾವ್ರಿಲ್ ಮಸಿ ಗುಡಿಸುವ ಕುಂಚ ಕೆಳಗಿಟ್ಟ. “ಹೇಳಿದ್ರೆ ಕೇಳ್ತೀಯಾ?”

“ಕೇಳದೆ ಏನು, ನನಗೇನು ಕಿವಿ ಇಲ್ವಾ? ಈಗ ಬೇಡ, ಗಿರಣಿಗೆ ಹೋಗ್ಬೇಕು, ಬಾಗಿಲು ಹಾಕ್ತಾನೆ ಅವನು. ಮುಂದಿನ ಸಲ ಹೇಳು.”

ಅವನು ಆ ಸ್ಥಳದಲ್ಲೇ ನಲವತ್ತು ಸೆಕೆಂಡು ಕೇಳಿಕೊಳ್ಳಲಿಲ್ಲ. ಸಂತೋಷದಲ್ಲಿ ಮನೆಗೆ ಹೋದ. ಮುಂದಿನ ಸಲ ಎಂದರೆ ಮುಂದಿನ ಅಕ್ಟೋಬರ್ ಎಂದು ತಿಳಿದ, ಅವಳ ಮಾತನ್ನು ಅಕ್ಷರಶಃ ಹಿಡಿದು. ನಾಳೆಯೇ ಬಂದು ಬೂದಿ ನೋಡುತ್ತೇನೆ ಎನ್ನುವ ನೆಪವೂ ಅವನಿಗೆ ಹೊಳೆಯಲಿಲ್ಲ. ಮರುವರ್ಷ ಮಾರ್ಚ್ ಹನ್ನೆರಡರಂದು ಬೆಳಿಗ್ಗೆ ಸಾವೆತಾಳ ಚಿಮಣಿಯಲ್ಲಿ ಹೊಗೆ ಕಾಣದೆ ನಾನು ಒಳಗೆ ಹೋಗಿ ನೋಡಿದೆ. ನಿದ್ದೆಯಲ್ಲೇ ಹೋಗಿದ್ದಳು.

ಅವಳಿಗೆ ಮಕ್ಕಳಿರಲಿಲ್ಲ. ಗೋಧಿ ನಾನೇ ಬೇಯಿಸಿದೆ. ಶುಕ್ರವಾರ ಮಣ್ಣಾದ ಮೇಲೆ ತಟ್ಟೆ ಹಿಡಿದು ಹಂಚುತ್ತಾ ಹೋದೆ. ಗಾವ್ರಿಲ್ ಸಲಿಕೆ ಊರಿಕೊಂಡು ನಿಂತಿದ್ದ, ಅರವತ್ತು ವರ್ಷದವನು, ಗಡ್ಡದ ಮೇಲೆ ಮಣ್ಣು. ಅವನ ಹತ್ತಿರ ಬಂದಾಗ ನಾನು ನಿಲ್ಲಲಿಲ್ಲ. ಅವಳು ಕೊಡುವುದಿಲ್ಲ ಎಂದದ್ದು ನನ್ನ ಕಿವಿಯಲ್ಲಿತ್ತು. ಎರಡು ಹೆಜ್ಜೆ ದಾಟಿಹೋದೆ.

“ಟೀಚರಮ್ಮ, ನನ್ನನ್ನ ಬಿಟ್ರಿ.”

ತಿರುಗಿದೆ. ಅವನ ಹಿಂದೆ ಸಭೆಯ ಹತ್ತು ಹನ್ನೆರಡು ಜನ, ಅವರ ಮುಂದೆ ಸಭೆಯ ಈಗಿನ ಹಿರಿಯ ತೆಯೋಫಿಲ್. “ನಿಮ್ಮವರು ನೋಡ್ತಿದಾರೆ” ಎಂದು ಮೆಲ್ಲಗೆ ಹೇಳಿದೆ.

“ನೋಡ್ಲಿ. ಕೊಡ್ಬೇಡ ಅಂದೋರೂ ಹೋದ್ರು, ಕೊಡಲ್ಲ ಅಂದೋಳೂ ಹೋದ್ಲು.”

ಬಟ್ಟಲು ಕೊಟ್ಟೆ. ದೇವರು ಅವಳನ್ನು ಕ್ಷಮಿಸಲಿ ಎನ್ನುವುದು ವಾಡಿಕೆ. ಅವನು, “ಅವಳು ನನ್ನನ್ನ ಕ್ಷಮಿಸ್ಲಿ” ಅಂದ. ಅವನು ತಿನ್ನುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ಬಟ್ಟಲನ್ನು ತೊಳೆದು ಕೊಡುತ್ತೇನೆಂದು ಕೋಟಿನ ಜೇಬಿಗೆ ಹಾಕಿಕೊಂಡ.

ಮುಂದಿನದು ವಾಲೇರಿಯಾ ಹೇಳಿದ್ದು, ಅವಳು ಅಲ್ಲಿದ್ದಳು. ಒಂಬತ್ತು ದಿನ ಬಿಟ್ಟು, ಭಾನುವಾರದ ಆರಾಧನೆಯ ನಂತರ, ಸದಸ್ಯರು ಮಾತ್ರ ಕೂತರು. ಸಭೆಯ ಕಟ್ಟಳೆಯಲ್ಲಿ ಆ ನಿಯಮ ಇನ್ನೂ ಇತ್ತು. ಮೊದಲು ಎದ್ದವನು ಗಾವ್ರಿಲನೇ. ವಾಲೇರಿಯಾಳಿಗೆ ಕೊಟ್ಟಷ್ಟೇ ನನಗೂ ಕೊಡಿ, ಒಂದು ದಿನ ಕಡಿಮೆ ಬೇಡ ಎಂದ. ಕೊಟ್ಟರು; ಆರು ತಿಂಗಳು ರೊಟ್ಟಿಯ ತಟ್ಟೆ ಅವನನ್ನು ದಾಟಿ ಹೋಯಿತು, ಅವನು ಒಲೆಯ ಪಕ್ಕದ ಕೊನೆಯ ಬೆಂಚಿನಲ್ಲಿ ಕೂತಿರುತ್ತಿದ್ದ. ಆಮೇಲೂ, ೨೦೦೯ರಲ್ಲಿ ಸಾಯುವವರೆಗೂ, ಅಲ್ಲೇ ಕೂತ. ಒಲೆ ಕಟ್ಟುವುದನ್ನು ಬಿಡಲಿಲ್ಲ, ಮೊದಲ ಬೆಂಕಿಯ ಪ್ರಾರ್ಥನೆಯನ್ನೂ ಬಿಡಲಿಲ್ಲ. ಎರಡನೇ ದಿನ ಮಧ್ಯಾಹ್ನ ಮಾತ್ರ ತಾನು ಹೇಳುವುದಕ್ಕಿಂತ ಹೆಚ್ಚಾಗಿ, ನಿಮ್ಮ ಅಣ್ಣ ತಮ್ಮ ಅಕ್ಕ ತಂಗಿ ಎಲ್ಲಿದ್ದಾರೆ, ಕೊನೆಗೆ ಯಾವಾಗ ಒಟ್ಟಿಗೆ ಕೂತು ಉಂಡಿರಿ ಎಂದು ಕೇಳುತ್ತಿದ್ದ.

ಶಿಕ್ಷೆ ತೀರ್ಮಾನವಾಗುವ ಮೊದಲು ತೆಯೋಫಿಲ್ ಅವನನ್ನು ಉಳಿಸಲು ನೋಡಿದನಂತೆ. ಒಳ್ಳೆಯ ಮನುಷ್ಯ ತೆಯೋಫಿಲ್, ಅವನ ಮನೆಯ ಒಲೆಯೂ ಗಾವ್ರಿಲನದೇ.

“ಸಹೋದರ, ಬಟ್ಟಲು ಈಸ್ಕೊಂಡು ತುಟಿಗೆ ಮುಟ್ಟಿಸಿದೀಯ, ಅಷ್ಟೇ ಅಲ್ವಾ? ಟೀಚರಮ್ಮನಿಗೆ ಬೇಜಾರಾಗಬಾರದು ಅಂತ? ಹಾಗಾದ್ರೆ ಅದನ್ನ ತಿಂದದ್ದು ಅಂತ ನಾವ್ಯಾರೂ ಬರ್ಕೊಳ್ಳಲ್ಲ.”

“ಅವನ ಜಾಗದಲ್ಲಿ ನಾನಿದ್ದಿದ್ರೆ ಹೂಂ ಅಂತಿದ್ದೆ, ಯಾರಾದ್ರೂ ಅಂತಿದ್ರು” ಎಂದಳು ವಾಲೇರಿಯಾ, ಇದನ್ನು ನನಗೆ ಹೇಳುವಾಗ.

ಗಾವ್ರಿಲ್ ಟೋಪಿಯನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು, ಕೊನೆಯ ಬೆಂಚಿಗೂ ಕೇಳುವ ಹಾಗೆ ಹೇಳಿದನಂತೆ:

“ತುಟಿಗಲ್ಲ. ನುಂಗಿದೆ. ಎರಡು ಚಮಚ.”